ತಲೆಬುರುಡೆಯಲ್ಲಿ ಮೂಳೆ ಎಷ್ಟು? 22, 28, 29 – ಮಕ್ಕಳಿಗೆ ಯಾವುದು ಹೇಳಲಿ?

ಹೈಸ್ಕೂಲ್ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈಗ ಅಸ್ಥಿಪಂಜರದ ಪಾಠ ನಡೀತಿದೆ. ದೊಡ್ಡವರ ಮೈಯಲ್ಲಿ 206 ಮೂಳೆ ಅನ್ನೋದು ಮಕ್ಕಳಿಗೆ ಬಾಯಿಪಾಠ. ಆದರೆ ತಲೆಬುರುಡೆಗೆ ಬಂದ ಕೂಡಲೇ ಗಲಾಟೆ. ಒಂದು ಗೈಡಿನಲ್ಲಿ 22, ಇನ್ನೊಂದರಲ್ಲಿ 28, ಯೂಟ್ಯೂಬಿನಲ್ಲಿ ಯಾರೋ 29 ಅಂದಿದ್ದಾರಂತೆ. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ತಲೆ ಮುಟ್ಟಿದ್ರೆ ಎಲ್ಲಾ ಒಂದೇ ಮೂಳೆ ಅನ್ನಿಸತ್ತೆ. ನಿಜವಾಗ್ಲೂ ಒಂದೇ ಆಗಿದ್ರೆ ಏನಾಗ್ತಿತ್ತು?" ಅಂದಳು. ಎಣಿಕೆಗಿಂತ ಈ ಪ್ರಶ್ನೆಗೆ ಒಳ್ಳೆ ಉತ್ತರ ಕೊಡಬೇಕು ಅಂತ ಆಸೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಅನಾಟಮಿ ಟೀಚರ್:
ಮೇಷ್ಟ್ರೇ, ಮೂರೂ ಸರಿ. ಯಾವುದನ್ನು ಸೇರಿಸಿ ಎಣಿಸುತ್ತೀರಿ ಅನ್ನೋದರ ಮೇಲಿದೆ. ಮೆದುಳಿನ ಸುತ್ತ ಇರುವ ಮೂಳೆ 8, ಮುಖದ ಮೂಳೆ 14. ಒಟ್ಟು 22. ಎರಡೂ ಕಿವಿಯೊಳಗಿನ ಮೂರು ಮೂರು ಪುಟಾಣಿ ಮೂಳೆ ಸೇರಿಸಿದರೆ 28. ನಾಲಿಗೆಯ ಬುಡಕ್ಕೆ ಆಸರೆಯಾದ ಹಯಾಯ್ಡ್ ಸೇರಿಸಿದರೆ 29. ಈ ಹಯಾಯ್ಡ್ ಬೇರೆ ಯಾವ ಮೂಳೆಗೂ ಕೂಡಿಕೊಂಡಿಲ್ಲ, ಗಂಟಲಿನ ಸ್ನಾಯುಗಳ ನಡುವೆ ನೇತಾಡಿಕೊಂಡಿದೆ. ಅದನ್ನು ಬುರುಡೆಯ ಲೆಕ್ಕಕ್ಕೆ ಹಿಡಿಯಬಾರದು ಅನ್ನೋದು ನನ್ನ ಅಭಿಪ್ರಾಯ. ಪರೀಕ್ಷೆಗೆ 22 ಬರೆಸಿ. ಎನ್‌ಸಿಇಆರ್‌ಟಿ ಪುಸ್ತಕದಲ್ಲೂ 22 ಅಂತಲೇ ಇದೆ. ಆದರೆ 206 ತಾಳೆಯಾಗಬೇಕಾದರೆ ಆ 29 ಬೇಕೇ ಬೇಕು. ಅದಕ್ಕೆ ಬೆನ್ನುಮೂಳೆ 26, ಪಕ್ಕೆಲುಬು ಮತ್ತು ಎದೆಮೂಳೆ 25 ಕೂಡಿಸಿದರೆ 80. ಹೆಗಲು, ಸೊಂಟ, ಕೈಕಾಲಿನದು 126.

ಮೊದಲ ಎಂಟರಲ್ಲಿ ಆರು ಕೈಗೆ ಸಿಗುತ್ತವೆ. ಹಣೆಗೆ ಫ್ರಂಟಲ್, ನೆತ್ತಿಯ ಎರಡು ಬದಿಗೆ ಪರೈಟಲ್, ಎರಡು ಕಿವಿಯ ಸುತ್ತ ಟೆಂಪೊರಲ್, ಹಿಂದಲೆಗೆ ಆಕ್ಸಿಪಿಟಲ್. ಉಳಿದ ಎರಡು ಒಳಗಿನವು, ಸ್ಫೀನಾಯ್ಡ್ ಮತ್ತು ಎತ್ಮಾಯ್ಡ್. ಸ್ಫೀನಾಯ್ಡನ್ನು ಮಕ್ಕಳಿಗೆ ತೋರಿಸದೆ ಬಿಡಬೇಡಿ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ತಲೆಯ ತಳದಲ್ಲಿ ಅಡ್ಡಲಾಗಿ ಕೂತಿರುತ್ತದೆ. ಮೆದುಳಿನ ಸುತ್ತಲಿನ ಉಳಿದ ಏಳು ಮೂಳೆಗಳಿಗೂ ಇದು ತಾಗುತ್ತದೆ. ನಡುವಿನ ಗುಳಿಯಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಅಲ್ಲಿ ಗೆಡ್ಡೆ ಬೆಳೆದರೆ ಈಗ ಹೆಚ್ಚಾಗಿ ತಲೆ ತೆರೆಯುವುದಿಲ್ಲ. ಮೂಗಿನೊಳಗಿಂದ ಹೋಗಿ, ಸ್ಫೀನಾಯ್ಡಿನ ಟೊಳ್ಳು ಭಾಗ ದಾಟಿ ತೆಗೆಯುತ್ತಾರೆ.

ಇನ್ನು ನಿಮ್ಮ ಹುಡುಗಿಯ ಪ್ರಶ್ನೆ. ಒಂದೇ ಮೂಳೆ ಆಗಿದ್ದರೆ ಮೊದಲು ಹೆರಿಗೆಯೇ ಕಷ್ಟವಾಗುತ್ತಿತ್ತು. ಆಮೇಲೆ ಮೆದುಳು ಬೆಳೆಯಲು ಜಾಗ ಸಿಗುತ್ತಿರಲಿಲ್ಲ. ಮೊದಲ ವರ್ಷದಲ್ಲೇ ಮೆದುಳಿನ ಗಾತ್ರ ಸುಮಾರು ದುಪ್ಪಟ್ಟಾಗುತ್ತದೆ. ಹುಟ್ಟಿದಾಗ ತಲೆಯ ಸುತ್ತಳತೆ 34-35 ಸೆಂಟಿಮೀಟರ್ ಆಸುಪಾಸು. ವರ್ಷ ತುಂಬುವ ಹೊತ್ತಿಗೆ 45-46. ಮೆದುಳು ಒಳಗಿಂದ ಹಿಗ್ಗುತ್ತಾ ಹೋದ ಹಾಗೆ ಮೂಳೆಗಳ ಅಂಚಿನಲ್ಲಿ ಹೊಸ ಮೂಳೆ ಸೇರುತ್ತಾ ಹೋಗುತ್ತದೆ. ಬುರುಡೆ ಬೆಳೆಯುವುದು ಮುಖ್ಯವಾಗಿ ಮೂಳೆಗೆ ಮೂಳೆ ಸೇರುವ ಈ ಕೂಡುಗೆರೆಗಳಲ್ಲಿ. ಅದಕ್ಕೇ ಕೂಸಿನ ತಲೆಯಲ್ಲಿ ಮೂಳೆ ನಮಗಿಂತ ಜಾಸ್ತಿ. ಹಣೆ ಎರಡು ತುಂಡು, ಕೆಳದವಡೆ ಎರಡು ತುಂಡು, ಹಿಂದಲೆ ನಾಲ್ಕು ತುಂಡು. ಆಮೇಲೆ ಒಂದೊಂದಾಗಿ ಬೆಸೆದುಕೊಳ್ಳುತ್ತವೆ. ಎಷ್ಟಿವೆ ಅನ್ನೋದಕ್ಕಿಂತ ಎಲ್ಲಿ ಕೂಡುತ್ತವೆ, ಯಾವಾಗ ಕೂಡುತ್ತವೆ ಅನ್ನೋದನ್ನು ಮಕ್ಕಳಿಗೆ ಹೇಳಿ. ಬುರುಡೆ ಅರ್ಥವಾಗುವುದು ಅಲ್ಲಿಂದ.

ಕೂಸಿನ ಅಮ್ಮ:
ಮೇಡಂ, ಇದನ್ನು ಓದಿ ಕೇಳಲೇಬೇಕು ಅನ್ನಿಸಿತು. ನನ್ನ ಮಗುವಿಗೆ ಮೂರು ತಿಂಗಳು. ಇನ್ನೂ ನೆತ್ತಿ ಕೂಡಿಲ್ಲ, ಮುಟ್ಟಿದರೆ ಮೆತ್ತಗಿದೆ, ಟಪ ಟಪ ಅಂತ ಮಿಡಿಯುತ್ತದೆ. ಅತ್ತೆ ದಿನಾ ಹರಳೆಣ್ಣೆ ಹಾಕಿ ತಟ್ಟುತ್ತಾರೆ. ಎರೆಯುವಾಗ ತಲೆ ಗುಂಡಗೆ ಬರಲಿ ಅಂತ ಎರಡೂ ಕಡೆಯಿಂದ ಒತ್ತುತ್ತಾರೆ. ಹಿಂದೆ ಬಲಗಡೆ ಸ್ವಲ್ಪ ಚಪ್ಪಟೆ ಆಗಿದೆ, ಅದಕ್ಕೆ ಸಾಸಿವೆ ದಿಂಬು ಹೊಲಿಸಿದ್ದಾರೆ. ಅವರಿಗೆ ಬೇಜಾರು ಮಾಡೋಕೆ ಇಷ್ಟವಿಲ್ಲ. ಆದರೆ ಎಣ್ಣೆನೀರು ಅಂದರೆ ಸಾಕು, ನನಗೆ ಎದೆ ಹೊಡೆದುಕೊಳ್ಳುತ್ತದೆ.

ಮಕ್ಕಳ ವಾರ್ಡ್ ಸಿಸ್ಟರ್:
ತಂಗಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಮೂರು ತಿಂಗಳಿಗೆ ಮುಂದಿನ ನೆತ್ತಿ ತೆರೆದಿರಲೇಬೇಕು. ಹಿಂದಿನದು, ಚಿಕ್ಕದು, ಎರಡು ಮೂರು ತಿಂಗಳಿಗೆ ಮುಚ್ಚುತ್ತದೆ. ಮುಂದಿನದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷಕ್ಕೆ. ಕೆಲವು ಮಕ್ಕಳಲ್ಲಿ ಎರಡು ವರ್ಷದವರೆಗೂ ಹೋಗುತ್ತದೆ. ಮಿಡಿತ ಇರುವುದೂ ಸಹಜ, ಒಳಗಿನ ರಕ್ತನಾಳದ ಬಡಿತ ಅಲ್ಲಿ ಕಾಣುತ್ತದೆ, ಅಷ್ಟೆ. ಎಣ್ಣೆ ಹಾಕಿದ್ದಕ್ಕೆ ನೆತ್ತಿ ಬೇಗ ಕೂಡುವುದಿಲ್ಲ, ಹಾಕದಿದ್ದರೆ ತಡವಾಗುವುದೂ ಇಲ್ಲ. ಕೈಬೆರಳಲ್ಲಿ ಮೆಲ್ಲಗೆ ಸವರಿದರೆ ತೊಂದರೆ ಇಲ್ಲ. ಕಿವಿಗೆ, ಮೂಗಿಗೆ ಮಾತ್ರ ಬಿಡಬಾರದು.

ಒತ್ತುವುದು ಬೇಡ. ಹೆರಿಗೆಯಲ್ಲಿ ಮಗುವಿನ ತಲೆಯ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಜರುಗಿ ತಲೆ ಉದ್ದವಾಗಿ ಬರುತ್ತದೆ. ಕೆಲವೇ ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಬಾಣಂತಿಕೋಣೆಯಲ್ಲಿ ಎರೆಯುವವರ ಕೈಗುಣ ಅಂತ ಹೊಗಳುವುದು ಇದನ್ನೇ. ಒತ್ತದಿದ್ದರೂ ಅದು ಗುಂಡಗಾಗುತ್ತಿತ್ತು.

ಚಪ್ಪಟೆ ಆಗಿರುವುದು ಬಹುಶಃ ಮಗು ಯಾವಾಗಲೂ ಒಂದೇ ಕಡೆ ತಿರುಗಿ ಮಲಗುವುದರಿಂದ. ಮಲಗಿಸುವುದು ಬೆನ್ನ ಮೇಲೆಯೇ, ಅದನ್ನು ಬದಲಾಯಿಸಬೇಡಿ. ದಿಂಬು ಮಾತ್ರ ತೆಗೆದಿಡಿ, ಅದು ಸಾಸಿವೆಯದಾಗಲಿ ರಾಗಿಯದಾಗಲಿ. ವರ್ಷದೊಳಗಿನ ಮಕ್ಕಳಿಗೆ ದಿಂಬು ಬೇಡವೇ ಬೇಡ, ಮೂಗು ಮುಚ್ಚಿ ಉಸಿರು ಕಟ್ಟುವ ಅಪಾಯ ಇದೆ. ಬದಲಿಗೆ ಎಚ್ಚರ ಇರುವಾಗ ನಿಮ್ಮ ಕಣ್ಣೆದುರಿಗೇ ಬೋರಲು ಹಾಕಿ. ಮಲಗಿಸುವಾಗ ಒಂದು ದಿನ ತಲೆ ಹಾಸಿಗೆಯ ಈ ತುದಿಗೆ, ಇನ್ನೊಂದು ದಿನ ಆ ತುದಿಗೆ ಇಡಿ, ಆಗ ಬೆಳಕು ಮತ್ತು ನಿಮ್ಮ ದನಿ ಇನ್ನೊಂದು ಬದಿಯಿಂದ ಬರುತ್ತದೆ. ಹಾಲು ಕುಡಿಸುವ ಮಗ್ಗಲೂ ಬದಲಾಗುತ್ತಿರಲಿ. ಮಗು ಒಂದು ಕಡೆಗೆ ಕುತ್ತಿಗೆ ತಿರುಗಿಸುವುದೇ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ, ಕುತ್ತಿಗೆಯ ಸ್ನಾಯು ಬಿಗಿದಿರಬಹುದು.

ನೆತ್ತಿ ನೋಡಿ ತಿಳಿಯಬೇಕಾದ್ದು ಬೇರೆ ಇದೆ. ಮಗುವನ್ನು ನೆಟ್ಟಗೆ ಕೂರಿಸಿ, ಅಳದೆ ಇರುವಾಗ ನೋಡಬೇಕು. ಭೇದಿ ವಾಂತಿ ಆಗುತ್ತಿದ್ದು ನೆತ್ತಿ ಒಳಗೆ ಕುಸಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ. ಆಗ ನೆತ್ತಿಗೆ ಸೊಪ್ಪು ಅರೆದು ಹಚ್ಚುತ್ತಾ ಕೂರಬಾರದು. ಎದೆಹಾಲು, ಓಆರ್‌ಎಸ್ ಕೊಡುತ್ತಾ ಆಸ್ಪತ್ರೆಗೆ ಹೊರಡಬೇಕು. ಜ್ವರ ಇದ್ದು ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಮೆದುಳು ಪೊರೆಯ ಸೋಂಕು ಇರಬಹುದು, ರಾತ್ರಿಯಾದರೂ ಕಾಯುವ ಹಾಗಿಲ್ಲ. ಇದಿಷ್ಟನ್ನು ಅತ್ತೆಗೂ ಓದಿ ಹೇಳಿ. ಮೊಮ್ಮಗುವಿನ ನೆತ್ತಿಯನ್ನು ದಿನಾ ಮುಟ್ಟುವವರು ಅವರೇ ಅಲ್ವಾ, ವ್ಯತ್ಯಾಸ ಮೊದಲು ಗೊತ್ತಾಗುವುದೂ ಅವರಿಗೇ.

ಅನಾಟಮಿ ಟೀಚರ್:
ಸಿಸ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಲವು ಮಕ್ಕಳಲ್ಲಿ ಯಾವುದಾದರೂ ಕೂಡುಗೆರೆ ಹೊತ್ತಿಗೆ ಮುಂಚೆ ಬೆಸೆದುಹೋಗುತ್ತದೆ. ಕ್ರೇನಿಯೋಸಿನೊಸ್ಟೋಸಿಸ್ ಅಂತಾರೆ. ಸುಮಾರು ಎರಡು ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ಜರ್ಮನಿಯ ರುಡಾಲ್ಫ್ ವಿರ್ಷೋ 1851ರಲ್ಲೇ ಇದರ ನಿಯಮ ಗುರುತಿಸಿದರು. ಒಂದು ಗೆರೆ ಬೆಸೆದರೆ ಅದಕ್ಕೆ ಅಡ್ಡಲಾಗಿ ಬೆಳವಣಿಗೆ ನಿಲ್ಲುತ್ತದೆ, ಆಗ ತಲೆ ಇನ್ನೊಂದು ದಿಕ್ಕಿಗೆ ಬೆಳೆಯುತ್ತದೆ. ನೆತ್ತಿಯ ನಡುಗೆರೆ ಬೆಸೆದರೆ ತಲೆ ಅಗಲವಾಗದೆ ಮುಂದಕ್ಕೂ ಹಿಂದಕ್ಕೂ ಉದ್ದವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ.

ಮಲಗಿ ಚಪ್ಪಟೆಯಾದ ತಲೆಗೂ ಇದಕ್ಕೂ ವ್ಯತ್ಯಾಸ ತಿಳಿಯಲು, ಗೆರೆಯ ಮೇಲೆ ಬೆರಳಾಡಿಸಿದಾಗ ಗಟ್ಟಿ ಏಣು ಸಿಗುತ್ತದಾ ನೋಡುತ್ತಾರೆ, ಮೇಲಿನಿಂದ ತಲೆಯ ಆಕಾರ ನೋಡುತ್ತಾರೆ, ಸುತ್ತಳತೆಯನ್ನು ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಅನುಮಾನ ಇದ್ದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ತಡವಾದಷ್ಟೂ ಆಪರೇಷನ್ ದೊಡ್ಡದಾಗುತ್ತದೆ. ಲಸಿಕೆಗೆ ಹೋದಾಗ ಸುತ್ತಳತೆ ಅಳೆಯದೆ ಕಳಿಸಿದರೆ ನೀವೇ ಬಾಯಿಬಿಟ್ಟು ಕೇಳಿ. ಒಂದು ಟೇಪು, ಅರ್ಧ ನಿಮಿಷದ ಕೆಲಸ.

ಬಯಲುಸೀಮೆ ಅಜ್ಜ:
ನಮ್ಮ ಕಡೆ ಹಿರಿಯರು ಬುರುಡೆ ಮೇಲಿನ ಅಂಕುಡೊಂಕು ಗೆರೆ ತೋರಿಸಿ, ಇದು ಬ್ರಹ್ಮ ಬರೆದದ್ದು, ಯಾರಿಂದಲೂ ಓದೋಕೆ ಆಗಲ್ಲ ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಸುಡುಗಾಡಿನ ಪಕ್ಕದ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಬುರುಡೆಯಲ್ಲಿ ಆ ಗೆರೆ ಕಣ್ಣಾರೆ ಕಂಡಿದ್ದೆ. ನಿಜಕ್ಕೂ ಯಾರೋ ಕೂತು ಬರೆದ ಹಾಗೆಯೇ ಇತ್ತು. ಅಷ್ಟು ವಕ್ರವಾಗಿ ಯಾಕಿರುತ್ತದೆ ತಾಯಿ? ಅದನ್ನು ನೋಡಿ ವಯಸ್ಸು ಹೇಳಬಹುದು ಅಂತಾರಲ್ಲ, ಹೌದಾ?

ಅನಾಟಮಿ ಟೀಚರ್:
ಅಜ್ಜ, ನೀವು ಕಂಡದ್ದು ನೆತ್ತಿಯ ನಡುಗೆರೆ ಇರಬೇಕು, ಇಲ್ಲವೇ ಹಿಂದಲೆಯ ಲ್ಯಾಂಬ್ಡಾಯ್ಡ್ ಗೆರೆ. ಎಳೆ ಕೂಸಿನಲ್ಲಿ ಈ ಗೆರೆಗಳು ಹೆಚ್ಚುಕಮ್ಮಿ ನೇರವಾಗಿರುತ್ತವೆ. ಬೆಳೆದ ಹಾಗೆ ಎರಡೂ ಕಡೆಯ ಮೂಳೆಯಿಂದ ಹಲ್ಲು ಹಲ್ಲಾಗಿ ಚಾಚುಗಳು ಹೊರಟು ಒಂದರೊಳಗೊಂದು ಕೂತುಕೊಳ್ಳುತ್ತವೆ. ನಡುವೆ ನಾರಿನಂಥ ತೆಳು ಪದರ. ಅಗಿಯುವಾಗ, ಪೆಟ್ಟು ಬಿದ್ದಾಗ ಬರುವ ಒತ್ತಡ ಅಲ್ಲಿ ಹಂಚಿಹೋಗುತ್ತದೆ. ಗೆರೆ ವಕ್ರವಾದಷ್ಟೂ ಹಿಡಿತ ಗಟ್ಟಿ.

ವಯಸ್ಸು ಹೇಳುವ ವಿಚಾರಕ್ಕೆ ಬಂದರೆ, ಗೆರೆ ಒಂದನ್ನೇ ನಂಬುವ ಹಾಗಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಹೊತ್ತಿಗೆ ಮಾಸುತ್ತದೆ. ಹಲ್ಲು, ಸೊಂಟದ ಮೂಳೆ ಎಲ್ಲಾ ಸೇರಿಸಿ ನೋಡಬೇಕಾಗುತ್ತದೆ. ಹಣೆಯ ನಡುವಿನ ಗೆರೆ ಎರಡು ವರ್ಷದೊಳಗೇ ಮಾಯವಾಗಬೇಕು, ಆದರೂ ನೂರರಲ್ಲಿ ಕೆಲವರಿಗೆ ಅದು ಕೊನೆತನಕ ಉಳಿಯುತ್ತದೆ. ಅಂಥವರ ಎಕ್ಸ್‌ರೇ ನೋಡಿ ಮೂಳೆ ಬಿರುಕು ಬಿಟ್ಟಿದೆ ಅಂತ ಭಾವಿಸುವ ಸಾಧ್ಯತೆ ಇದೆ. ಇನ್ನು ಕೆಲವರಲ್ಲಿ ಗೆರೆಯ ನಡುವೆಯೇ ಹೆಚ್ಚುವರಿ ಪುಟ್ಟ ಮೂಳೆಗಳು ಹುಟ್ಟಿಕೊಂಡಿರುತ್ತವೆ. ಡೆನ್ಮಾರ್ಕಿನ ಓಲೆ ವರ್ಮ್ ಹೆಸರಿನಲ್ಲಿ ಅವನ್ನು ವರ್ಮಿಯನ್ ಮೂಳೆ ಅಂತಾರೆ. ಮೇಷ್ಟ್ರೇ, 22 ಅನ್ನೋದೂ ಎಲ್ಲರ ತಲೆಗೂ ಒಪ್ಪುವ ಲೆಕ್ಕ ಅಲ್ಲ ಅಂತ ಮಕ್ಕಳಿಗೆ ಹೇಳಬಹುದು.

ಹಲ್ಲಿನ ಡಾಕ್ಟರ್:
ಮುಖದ 14 ಮೂಳೆಯನ್ನು ಎಲ್ಲರೂ ಬಿಟ್ಟೇಬಿಟ್ಟಿರಿ! ಜೋಡಿ ಜೋಡಿಯಾಗಿ ಆರು. ಮೇಲ್ದವಡೆಯ ಮ್ಯಾಕ್ಸಿಲ್ಲಾ, ಕೆನ್ನೆಯ ಝೈಗೋಮ್ಯಾಟಿಕ್, ಮೂಗಿನ ಸೇತುವೆಯ ನೇಸಲ್, ಕಣ್ಣೀರಿನ ದಾರಿಯ ಲ್ಯಾಕ್ರಿಮಲ್, ಬಾಯಿಯ ಅಂಗುಳದ ಹಿಂಭಾಗದ ಪ್ಯಾಲಟೈನ್, ಮೂಗಿನೊಳಗೆ ಸುರುಳಿಯಾದ ಕೆಳಗಿನ ಕಾಂಕಾ. ಒಂಟಿಯಾಗಿ ಎರಡು: ಮೂಗಿನ ನಡುಗೋಡೆಯ ವೋಮರ್ ಮತ್ತು ಕೆಳದವಡೆಯ ಮ್ಯಾಂಡಿಬಲ್. ಈ 22ರಲ್ಲಿ ಅಲುಗಾಡುವುದು ಕೆಳದವಡೆ ಒಂದೇ.

ಮೇಲ್ದವಡೆಗೆ ಒಂದು ಕಥೆಯೇ ಇದೆ. ಕೋತಿ, ಕುರಿ, ಎತ್ತು, ಎಲ್ಲದರ ಮೇಲ್ದವಡೆಯ ಮುಂಭಾಗದಲ್ಲಿ ಒಂದು ಬೇರೆ ಮೂಳೆ ಕಾಣುತ್ತದೆ. ಮನುಷ್ಯರಲ್ಲಿ ಕಾಣುವುದಿಲ್ಲ. ಮನುಷ್ಯ ಪ್ರಾಣಿಗಳಿಗಿಂತ ಬೇರೆ ಅನ್ನೋದಕ್ಕೆ ಇದೇ ಗುರುತು ಅಂತ ಹದಿನೆಂಟನೇ ಶತಮಾನದ ಯುರೋಪಿನಲ್ಲಿ ದೊಡ್ಡ ವಿದ್ವಾಂಸರು ವಾದಿಸುತ್ತಿದ್ದರು. ಜರ್ಮನ್ ಕವಿ ಗಯಟೆ 1784ರಲ್ಲಿ ಬುರುಡೆಗಳನ್ನು ಹೋಲಿಸಿ ನೋಡಿ, ನಮ್ಮಲ್ಲೂ ಅದು ಇದೆ, ಬೇಗ ಬೆಸೆದುಹೋಗುವುದರಿಂದ ಕಾಣುವುದಿಲ್ಲ ಅಂತ ತೋರಿಸಿದರು. ನಮ್ಮ ಮೇಲಿನ ನಾಲ್ಕು ಬಾಚಿಹಲ್ಲು ಕೂತಿರುವುದು ಆ ತುಂಡಿನಲ್ಲೇ. ಗರ್ಭದಲ್ಲಿ ತುಟಿ ಮತ್ತು ಒಸಡಿನ ಈ ಭಾಗ ಪಕ್ಕದ ಭಾಗದ ಜೊತೆ ಕೂಡದೆ ಉಳಿದರೆ ಸೀಳುತುಟಿ. ಸುಮಾರು 700 ಮಕ್ಕಳಲ್ಲಿ ಒಬ್ಬರಿಗೆ ಸೀಳುತುಟಿಯೋ ಸೀಳು ಅಂಗುಳವೋ ಇರುತ್ತದೆ. ಗ್ರಹಣದಲ್ಲಿ ಬಸುರಿ ಹೊರಗೆ ಬಂದದ್ದಕ್ಕೆ ಹೀಗಾಯಿತು ಅನ್ನುವ ಮಾತು ಈಗಲೂ ನನ್ನ ಕಿವಿಗೆ ಬೀಳುತ್ತದೆ. ಆ ತಾಯಂದಿರ ಮುಖ ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪು ಅವರದ್ದಲ್ಲ. ಗರ್ಭದ ಮೊದಲ ಎರಡು ಮೂರು ತಿಂಗಳಲ್ಲಿ ನಡೆಯಬೇಕಾದ ಕೂಡಿಕೆ ನಡೆದಿಲ್ಲ, ಅಷ್ಟೆ. ಆಪರೇಷನ್ ಇದೆ, ಚೆನ್ನಾಗಿಯೂ ಆಗುತ್ತದೆ.

ಇನ್ನೊಂದು, ಕೆನ್ನೆಯ ಹಿಂದೆ ಮ್ಯಾಕ್ಸಿಲ್ಲಾ ಟೊಳ್ಳು. ಆ ಸೈನಸ್ಸಿನ ಬಾಯಿ ಕೆಳಗಿಲ್ಲ, ಮೇಲ್ಗಡೆ ಇದೆ. ಅದಕ್ಕೇ ನೆಗಡಿಯ ಕಫ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ದವಡೆಹಲ್ಲಿನ ಬೇರು ಅದರ ತಳಕ್ಕೆ ತೀರಾ ಹತ್ತಿರ. ಸೈನಸ್ ನೋವನ್ನು ಹಲ್ಲುನೋವು ಅಂದುಕೊಂಡು ಬರುವವರು ಬಹಳ. ಬಗ್ಗಿದಾಗ ನೋವು ಹೆಚ್ಚಾದರೆ, ಒಂದಲ್ಲ ಮೂರು ನಾಲ್ಕು ಹಲ್ಲು ಒಟ್ಟಿಗೆ ನೋಯುತ್ತಿದ್ದರೆ ಹಲ್ಲು ಕೀಳಿಸಲು ಅವಸರ ಮಾಡಬೇಡಿ.

ತುರ್ತು ವಾರ್ಡ್:
ಕೂಡುಗೆರೆ ಬಗ್ಗೆ ಮಾತಾಡುತ್ತಿದ್ದೀರಿ, ಆದ್ದರಿಂದ ಇದನ್ನು ಹೇಳದೆ ಇರಲಾರೆ. ಕೆನ್ನೆಮೂಳೆಯ ಕಮಾನಿನ ಮೇಲೆ ಎರಡು ಬೆರಳು ಇಡಿ. ಕಣ್ಣಿನ ಹೊರಬದಿಯ ಏಣಿನಿಂದ ಒಂದು ಹೆಬ್ಬೆರಳಿನಷ್ಟು ಹಿಂದೆ ಹೋಗಿ. ಆ ಜಾಗಕ್ಕೆ ಟೀರಿಯನ್ ಅಂತಾರೆ. ಫ್ರಂಟಲ್, ಪರೈಟಲ್, ಟೆಂಪೊರಲ್, ಸ್ಫೀನಾಯ್ಡ್, ನಾಲ್ಕೂ ಸೇರುವ ಜಾಗ. ಬುರುಡೆ ಅಲ್ಲಿ ತುಂಬಾ ತೆಳು. ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹರಿಯುತ್ತದೆ, ಮಿಡಲ್ ಮೆನಿಂಜಿಯಲ್ ಆರ್ಟರಿ. ಅಲ್ಲಿ ಪೆಟ್ಟು ಬಿದ್ದು ಮೂಳೆ ಸೀಳಿದರೆ ಆ ನಾಳ ಹರಿದು, ಮೂಳೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಕೂಡುತ್ತಾ ಹೋಗುತ್ತದೆ.

ಭಯ ಹುಟ್ಟಿಸುವ ವಿಷಯ ಏನೆಂದರೆ, ಇವರಲ್ಲಿ ಕೆಲವರು ಬಿದ್ದ ಮೇಲೆ ಎದ್ದು ಕೂತು ಚೆನ್ನಾಗಿ ಮಾತಾಡುತ್ತಾರೆ. ಬೈಕಿನಿಂದ ಬಿದ್ದ ಒಬ್ಬ ಹುಡುಗ ಮಣ್ಣು ಕೊಡವಿಕೊಂಡು ಮನೆಗೆ ಹೋಗಿ, ಕಾಫಿ ಕುಡಿದು, ತಲೆನೋವು ಅಂತ ಮಲಗಿದ್ದ. ಸಂಜೆ ಎಬ್ಬಿಸಿದರೆ ಏಳಲಿಲ್ಲ. ನಮ್ಮಲ್ಲಿಗೆ ತರುವಾಗ ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಸಿಟಿ ಸ್ಕ್ಯಾನ್ ಮಾಡಿ ಕೂಡಲೇ ಆಪರೇಷನ್‌ಗೆ ಕಳಿಸಿದೆವು, ಉಳಿದುಕೊಂಡ. ಇನ್ನು ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು. ತಲೆಗೆ ಪೆಟ್ಟಾದವರು "ನಾನು ಚೆನ್ನಾಗಿದ್ದೀನಿ" ಅಂದರೂ ಒಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ತೂಕಡಿಕೆ, ಮಾತು ತೊದಲುವುದು, ಫಿಟ್ಸ್, ಇದರಲ್ಲಿ ಒಂದು ಕಂಡರೂ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಇಲ್ಲಿ ಅಮೃತಾಂಜನ ಕೆಲಸಕ್ಕೆ ಬರುವುದಿಲ್ಲ.

ತಳದ ಮೂಳೆ ಮುರಿದದ್ದು ಹೊರಗೆ ಗಾಯವಾಗಿ ಕಾಣದೆ ಇರಬಹುದು. ಮೂಗಿನ ಮೇಲ್ಛಾವಣಿಯಲ್ಲಿ ಎತ್ಮಾಯ್ಡಿನ ಒಂದು ತೆಳು ತಟ್ಟೆ ಇದೆ, ತುಂಬಾ ಸಣ್ಣ ಸಣ್ಣ ತೂತು. ವಾಸನೆಯ ನರಗಳು ಆ ತೂತುಗಳಿಂದಲೇ ಮೆದುಳಿಗೆ ಹೋಗುತ್ತವೆ. ತಟ್ಟೆ ಮುರಿದರೆ ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತದೆ. ಅದು ನೆಗಡಿ ಅಲ್ಲ, ಮೆದುಳಿನ ಸುತ್ತಲಿನ ನೀರು. ವಾಸನೆಯೂ ಹೋಗಬಹುದು. ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಕಿವಿಯ ಹಿಂದೆ ಕಂದುವುದು ಕೂಡ ತಳದ ಮುರಿತದ ಗುರುತು. ಮೂಗು ಸೀಟುವುದು, ಹತ್ತಿ ತುರುಕುವುದು ಮಾಡಬೇಡಿ.

ಹಲ್ಲಿನ ಡಾಕ್ಟರ್:
ಸರ್, ಅರ್ಧ ಹೆಲ್ಮೆಟ್ ಬಗ್ಗೆಯೂ ಹೇಳಿ. ಗದ್ದ ಊರಿ ಬಿದ್ದವರಿಗೆ ಗದ್ದದ ಹತ್ತಿರ ಬರೀ ತರಚು, ಕಿವಿಯ ಮುಂದೆ ದವಡೆಯ ಕೀಲು ಮುರಿದಿರುತ್ತದೆ. ಫ್ರಾನ್ಸಿನ ರೆನೆ ಲ ಫೋರ್ 1901ರಲ್ಲಿ ಶವಗಳ ಮೇಲೆ ಪ್ರಯೋಗ ಮಾಡಿ, ಮುಖದ ನಡುಭಾಗ ಕೆಲವು ಗೊತ್ತಾದ ದುರ್ಬಲ ಗೆರೆಗಳಲ್ಲೇ ಮುರಿಯುತ್ತದೆ ಅಂತ ತೋರಿಸಿದರು. ಇವತ್ತಿಗೂ ನಾವು ಆ ಮೂರು ಗೆರೆಗಳ ಲೆಕ್ಕದಲ್ಲೇ ಬರೆಯುತ್ತೇವೆ.

ತುರ್ತು ವಾರ್ಡ್:
ಹೌದು ಮೇಡಂ. ಟೋಪಿಯಂಥ ಹೆಲ್ಮೆಟ್ ಪೊಲೀಸರಿಗೆ ತೋರಿಸಲಿಕ್ಕೆ ಮಾತ್ರ. ಕೆನ್ನೆ, ಗದ್ದ ಎರಡನ್ನೂ ಮುಚ್ಚುವ, ಐಎಸ್‌ಐ ಗುರುತಿನದು ತಗೊಳ್ಳಿ, ಪಟ್ಟಿ ಬಿಗಿಯಿರಿ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಮಾಡಿ 2008ರಲ್ಲಿ ನೋಡಿದಾಗ, ಹೆಲ್ಮೆಟ್ಟಿನಿಂದ ಬೈಕ್ ಸವಾರರ ಸಾವಿನ ಅಪಾಯ ಸುಮಾರು 42%, ತಲೆಗೆ ಪೆಟ್ಟಾಗುವ ಅಪಾಯ 69% ಕಡಿಮೆಯಾಗುತ್ತದೆ ಅಂತ ಕಂಡುಬಂತು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ. ಆದರೂ ಅಪ್ಪನ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗುವಿನ ತಲೆ ಬರಿದು. ದಿನಾ ನೋಡುತ್ತೇನೆ, ಸಂಕಟವಾಗುತ್ತದೆ.

ಲಂಡನ್ ಕನ್ನಡತಿ:
ನಾನು ಇಲ್ಲಿ ಫಿಸಿಯೋಥೆರಪಿ ಓದಿದವಳು. ನಮ್ಮ ಲ್ಯಾಬಿನಲ್ಲಿ ಹಳೇ ಬುರುಡೆಗಳಿದ್ದವು. ಅವು ಭಾರತದಿಂದ ಬಂದವು ಅಂತ ಅಲ್ಲಿನವರು ಹೇಳಿದಾಗ ಕೈ ತಣ್ಣಗಾಯಿತು. ಇದು ನಿಜವೇ?

ಅನಾಟಮಿ ಟೀಚರ್:
ನಿಜ ಅಮ್ಮಾ. ಹೊರದೇಶಗಳ ವೈದ್ಯಕೀಯ ಕಾಲೇಜುಗಳಿಗೆ ದಶಕಗಳ ಕಾಲ ಅಸ್ಥಿಪಂಜರ ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದಲೇ, ಅದರಲ್ಲೂ ಕೋಲ್ಕತ್ತಾ ಕಡೆಯಿಂದ. 1985ರಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ಆ ಬುರುಡೆಗಳು ಯಾರವು, ಅವರ ಮನೆಯವರು ಒಪ್ಪಿದ್ದರಾ ಅನ್ನೋದಕ್ಕೆ ಹೆಚ್ಚಿನವುಗಳ ಜೊತೆ ಯಾವ ಕಾಗದವೂ ಇಲ್ಲ. ಬಡವರ ಮೂಳೆಗಳು ಅವು. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ: ಬೋನ್ ಸೆಟ್ ಕೈಗೆ ಬಂದಾಗ ಅದರ ಜೊತೆ ಸೆಲ್ಫಿ ಬೇಡ, ತಮಾಷೆ ಬೇಡ. ಈಗ ದೇಹದಾನ ಮಾಡುವವರು ಬರುತ್ತಿದ್ದಾರೆ, ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ಒಪ್ಪಿ ಕೊಟ್ಟ ದೇಹದಿಂದ ಕಲಿಯುವುದೇ ಬೇರೆ.

ಹೈಸ್ಕೂಲ್ ಮೇಷ್ಟ್ರು:
ಎಲ್ಲರಿಗೂ ಕೈಮುಗಿದೆ. ಶಾಲೆಗೆ ಪ್ಲಾಸ್ಟಿಕ್ ಮಾಡೆಲ್ ತರಿಸುತ್ತೇನೆ. ಅದು ಬರುವವರೆಗೆ ಮಕ್ಕಳು ತಮ್ಮ ತಲೆಯನ್ನೇ ಮುಟ್ಟಿ ನೋಡಿ ಕಲಿಯುವ ಹಾಗೆ ಏನಾದರೂ ಹೇಳಿಕೊಡಿ ಮೇಡಂ. ಅಂದಹಾಗೆ, ಹಿಂದಲೆಯ ನಡುವೆ ಗಟ್ಟಿ ಗಂಟು ಸಿಗುತ್ತದಲ್ಲ, ಒಬ್ಬ ಹುಡುಗ ಅದನ್ನು ಗೆಡ್ಡೆ ಅಂದುಕೊಂಡು ಹೆದರಿದ್ದಾನೆ.

ಅನಾಟಮಿ ಟೀಚರ್:
ಹೆದರಬೇಡ ಅನ್ನಿ ಅವನಿಗೆ. ಅದು ಆಕ್ಸಿಪಿಟಲ್ ಮೂಳೆಯದೇ ಉಬ್ಬು. ಕುತ್ತಿಗೆಯ ಹಿಂದಿನ ಗಟ್ಟಿ ನಾರು ಅಲ್ಲಿಗೆ ಕಟ್ಟಿಕೊಂಡಿರುತ್ತದೆ. ಗಂಡಸರಲ್ಲಿ ಸ್ವಲ್ಪ ಹೆಚ್ಚು ಎದ್ದು ಕಾಣುತ್ತದೆ. ನಡುವಿನಲ್ಲಿದ್ದು, ಮೂಳೆಯಷ್ಟೇ ಗಟ್ಟಿಯಾಗಿದ್ದು, ಅಲುಗದೆ, ಬೆಳೆಯದೆ ಇದ್ದರೆ ಚಿಂತೆಯಿಲ್ಲ. ಒಂದು ಬದಿಗೆ ಇದ್ದರೆ, ದೊಡ್ಡದಾಗುತ್ತಿದ್ದರೆ ಮಾತ್ರ ತೋರಿಸಲಿ.

ತರಗತಿಗೆ ಹೀಗೆ ಮಾಡಿಸಿ. ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲಿ, ಕೆಳದವಡೆಯ ತಲೆ ಮುಂದಕ್ಕೆ ಜಾರಿ ಹಿಂದಕ್ಕೆ ಬರುವುದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕೆನ್ನೆಯವರೆಗೆ ಬೆರಳು ಎಳೆದರೆ ಕಮಾನು. ಅದರ ಹಿಂದಿನ ಅರ್ಧ ಟೆಂಪೊರಲ್ಲಿನದು, ಮುಂದಿನ ಅರ್ಧ ಝೈಗೋಮ್ಯಾಟಿಕ್ಕಿನದು. ಕಿವಿಯ ಹಿಂದೆ ಕೆಳಗೆ ಇಳಿದಿರುವ ಗುಬ್ಬಿ ಮ್ಯಾಸ್ಟಾಯ್ಡ್, ಒಳಗೆ ಗಾಳಿಗೂಡುಗಳು, ಕಿವಿ ಸೋರಿದಾಗ ಕೀವು ಅಲ್ಲಿಗೂ ಹಬ್ಬಬಹುದು. ಹಲ್ಲು ಕಚ್ಚಿ ಹಿಡಿದು ಕಣತಲೆ ಮುಟ್ಟಿಕೊಂಡರೆ ಅಗಿಯುವ ಸ್ನಾಯು ಬಿಗಿಯುತ್ತದೆ, ಅದರ ಕೆಳಗೇ ಟೀರಿಯನ್. ಕೊನೆಗೆ ಬುಡದ ದೊಡ್ಡ ರಂಧ್ರವನ್ನು ಚಿತ್ರದಲ್ಲಿ ತೋರಿಸಿ, ಬೆನ್ನುಹುರಿ ಇಳಿಯುವ ದಾರಿ ಅದು. ಮಾಡೆಲ್ ಕೊಳ್ಳುವಾಗ ಮೇಲ್ಭಾಗ ಬಿಚ್ಚಿ ಒಳತಳ ನೋಡಬಹುದಾದದ್ದನ್ನೇ ತರಿಸಿ ಮೇಷ್ಟ್ರೇ, ಇಲ್ಲದಿದ್ದರೆ ಸ್ಫೀನಾಯ್ಡ್ ಪೂರ್ತಿ ಕಾಣುವುದಿಲ್ಲ.